ಕೈ ಕೊಟ್ಟ ಚಾಕು

ಎರಡನೇ ಸಲ ಚುಚ್ಚಿದಾಗ ಚಾಕು ಮಡಚಿಕೊಂಡಿತು.

ಮರದ ಹೊಟ್ಟು ತುಂಬಿದ ಗೋಣಿಚೀಲಕ್ಕೆ ಅರ್ಧ ಇಳಿದಿದ್ದ ಅಲಗು ಗಿರಕ್ಕನೆ ಹಿಂದಕ್ಕೆ ತಿರುಗಿ, ಹಿಡಿಯನ್ನು ಬಿಗಿದಿದ್ದ ಬೆರಳುಗಳ ಮೇಲೆ ಇಲಿಬೋನಿನ ಬಾಗಿಲಿನಂತೆ ಬಿತ್ತು. ದಫೇದಾರರ ಬೈಕಿನ ಚರ್ಮದ ಗ್ಲೌಸ್ ಹಾಕಿಕೊಂಡಿದ್ದರಿಂದ ಇನ್ಸ್‌ಪೆಕ್ಟರ್ ಮೇಡಮ್ಮನ ಬೆರಳು ಉಳಿಯಿತು. ಗ್ಲೌಸ್ ಉಳಿಯಲಿಲ್ಲ. ನಾಲ್ಕೂ ಬೆರಳಿನ ಒಳಮೈಗೆ ಅಡ್ಡವಾಗಿ ಒಂದೇ ಗೆರೆ ಎಳೆದಂತೆ ಚರ್ಮ ಸೀಳಿತ್ತು.

"ಮೇಡಮ್, ಅದು ನಮ್ಮ ಮನೆಯವಳು ಕೊಡಿಸಿದ್ದು," ಎಂದರು ದಫೇದಾರರು ಅಳುಮೋರೆ ಮಾಡಿಕೊಂಡು.

"ಹೊಸದು ಕೊಡಿಸ್ತೀನಿ ಬಿಡಿ. ಬೆರಳಾದ್ರೆ ಹೊಸದು ಸಿಗ್ತಿರ್ಲಿಲ್ಲ."

ಇನ್ಸ್‌ಪೆಕ್ಟರ್ ಕಡ್ಡಿಯಂಥ ಹೆಂಗಸು. ದಾರ ತೂರದ ಕಡೆಯೂ ತೂರುತ್ತಾಳೆಂದು ಸ್ಟೇಷನ್ನಿನವರು ಬೆನ್ನ ಹಿಂದೆ ಅವಳನ್ನು 'ಸೂಜಿ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹೊಗಳಿಕೆಯೆಂದೇ ತಿಳಿದು ಸುಮ್ಮನಿದ್ದಳು.

ನಿನ್ನೆ ಮಧ್ಯಾಹ್ನ ಪಾರ್ಸೆಲ್ ಗೋದಾಮಿನ ಮೇಸ್ತ್ರಿಯನ್ನು ರಟ್ಟಿನ ಪೆಟ್ಟಿಗೆಗಳ ಸಾಲಿನಲ್ಲಿ ಯಾರೋ ಚುಚ್ಚಿ ಓಡಿದ್ದರು. ಅವನ ಪಕ್ಕದಲ್ಲಿ ಬಿದ್ದಿದ್ದ ಚಾಕುವಿನ ಅವಳಿ ಈಗ ಸೂಜಿಯ ಕೈಯಲ್ಲಿತ್ತು.

"ಆ ಚಾಕುವಿನ ಹಿಡಿಯ ಸಂದಿಯಲ್ಲೂ ರಕ್ತ ಇತ್ತು, ನೋಡಿದ್ರಲ್ಲ," ಎಂದಳು ಅವಳು. "ಅಲಗಿನ ತುದಿಯದ್ದು ಮೇಸ್ತ್ರೀದು. ಸಂದಿಯದ್ದು ಚುಚ್ಚಿದವರದ್ದು. ಅವರ ಬೆರಳಿನ ಒಳಗಡೆ ಹೀಗೇ ಒಂದು ಗೆರೆ ಇರುತ್ತೆ. ಅದನ್ನ ಹುಡುಕಿದ್ರೆ ಮುಗೀತು."

ಕತ್ತರಿ, ಬೀಗ, ಅಡುಗೆಮನೆಯ ಚಾಕು ಮಾರುವ ಆ ಅಂಗಡಿಯ ಹಿತ್ತಲಿನಿಂದ ಅವರು ಒಳಗೆ ಬಂದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಂಗಡಿಯಾಕೆ, ಕನ್ನಡಕವನ್ನು ನೆತ್ತಿಗೇರಿಸಿ, ಯಾರೂ ಕೇಳದಿದ್ದರೂ ಗಾಜಿನ ಮೇಲೆ ಮೂರು ಮಡಚುವ ಚಾಕುಗಳನ್ನು ಜೋಡಿಸಿಟ್ಟಿದ್ದಳು. ಗಿರಾಕಿ ಪೊಲೀಸರಾದರೇನು, ಗಿರಾಕಿ ಗಿರಾಕಿಯೇ.

"ದಿನಾ ಜೇಬಲ್ಲಿ ಇಟ್ಕೊಳ್ಳೋಕೆ ಅಂದ್ರೆ ಈ ಮಧ್ಯದ್ದು ತಗೊಳ್ಳಿ," ಎಂದಳು. "ಒಳಗೆ ತಗಡಿನ ನಾಲಿಗೆ ಇದೆ ನೋಡಿ. ಬಿಚ್ಚಿದ ಕೂಡ್ಲೇ ಅಲಗಿನ ಬೆನ್ನಿಗೆ ಬಂದು ಒತ್ಕೊಂಡು ನಿಲ್ಲುತ್ತೆ. ನೀವಾಗಿ ಸರಿಸೋ ತನಕ ಮಡಚಲ್ಲ. ಅಲಗು ಹಿಡಿದು ಅಲ್ಲಾಡಿಸಿ, ಅಲ್ಲಾಡುತ್ತಾ? ಇಲ್ಲ. ಬೆಲೆ ಚೂರು ಜಾಸ್ತಿ, ಆದ್ರೆ ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೇನೂ ಇಲ್ಲ. ಆ ಕಡೆಯದ್ದು ಬೇಡ. ಅದು ಹೊಳಪಿಗೇ ದುಡ್ಡು."

"ಇದು?" ಸೂಜಿ ತನ್ನ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು.

"ಅದಕ್ಕೆ ಬರೀ ಸ್ಪ್ರಿಂಗು. ನಾಲಿಗೆ ಇಲ್ಲ. ಎಲ್ಲಕ್ಕಿಂತ ಅಗ್ಗ. ದಾರ ಕತ್ತರಿಸೋಕೆ, ಹಣ್ಣು ಹೆಚ್ಚೋಕೆ ಚೆನ್ನಾಗಿದೆ. ಎಳೆದು ಕೊಯ್ಯಬೇಕು, ತಳ್ಳಿ ಚುಚ್ಚಬಾರದು. ಚುಚ್ಚಿದ್ರೆ ಕೈ ಕೊಡುತ್ತೆ."

"ಇತ್ತೀಚೆಗೆ ಯಾರು ತಗೊಂಡ್ರು?"

ಅಂಗಡಿಯಾಕೆಯ ಮಾತು ಮೊದಲ ಸಲ ನಿಂತಿತು. ಅವಳು ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು.

"ಒಬ್ಬಳು ಹೆಂಗಸು. ಹೆಲ್ಮೆಟ್ ತೆಗೀಲೇ ಇಲ್ಲ. ಇಂಥ ಸೆಖೆಯಲ್ಲೂ ಕತ್ತಿಗೆ ಬಿಗಿಯಾಗಿ ಸ್ಕಾರ್ಫ್ ಸುತ್ಕೊಂಡಿದ್ಲು. ಯಾವಾಗ್ಲೂ ಜೊತೆಗಿರಬೇಕು, ಸೊಂಟದಲ್ಲಿಟ್ರೆ ಉಬ್ಬಬಾರದು, ಒಂದೇ ಕೈಯಲ್ಲಿ ಬಿಚ್ಚೋಕೆ ಬರಬೇಕು ಅಂದ್ಲು. ನಾಲಿಗೆ ಇರೋದೇ ತಗೊಳ್ಳಮ್ಮಾ ಅಂತ ಹೇಳ್ದೆ. ಎರಡನ್ನೂ ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ನಿಂತಿದ್ಲು. ಕೊನೆಗೆ ಅಗ್ಗದ್ದನ್ನೇ ತಗೊಂಡ್ಲು. ನಾನೂ ಜಾಸ್ತಿ ಒತ್ತಾಯ ಮಾಡ್ಲಿಲ್ಲ."

"ಬೇರೆ ಏನಾದ್ರೂ ಕೇಳಿದ್ಲಾ?"

"ಈ ಕ್ಲಿಪ್ಪನ್ನ ಆ ಕಡೆಗೆ ಹಾಕ್ಕೊಡಕ್ಕಾಗುತ್ತಾ ಅಂದ್ಲು. ಬಲಗಡೆ ಜೇಬಿಗೆ ಸಿಕ್ಕಿಸೋ ಕ್ಲಿಪ್ಪು ಅದು. ಎಡಗೈಯವಳು ಪಾಪ."

ಸೂಜಿ ದಫೇದಾರರ ಮುಖ ನೋಡಿದಳು. ದಫೇದಾರರು ತಮ್ಮ ಸೀಳಿದ ಗ್ಲೌಸ್ ನೋಡಿಕೊಳ್ಳುತ್ತಿದ್ದರು.

*

"ಮೇಸ್ತ್ರಿ ಹೆಂಡತಿ ಎಡಚಿ," ಎಂದರು ದಫೇದಾರರು ಜೀಪು ಹತ್ತುತ್ತಲೇ. "ನಿನ್ನೆ ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಸಹಿ ಹಾಕಿದ್ಲು. ಆಗ ಕೈಗೆ ಟವೆಲ್ ಸುತ್ಕೊಂಡಿದ್ಲು ಮೇಡಮ್. ಗಂಡನ ರಕ್ತ ಒರೆಸಿದ್ದಾಳೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ."

"ಆದ್ರೆ ಆ ಮೇಸ್ತ್ರಿ ಯಾಕೆ ಬಾಯಿ ಬಿಡ್ತಿಲ್ಲ? ಎದುರಿಂದ ಚುಚ್ಚಿದ್ದಾರೆ. ಕೇಳಿದ್ರೆ ಮುಖ ನೋಡ್ಲಿಲ್ಲ ಅಂತಾನೆ. ಹೆಂಡತಿ ಕೈಯಲ್ಲಿ ಚುಚ್ಚಿಸ್ಕೊಂಡೆ ಅನ್ನೋಕೆ ನಾಚಿಕೆ ಇರ್ಬೇಕು."

ಹಾಸಿಗೆಯಲ್ಲಿ ಮಲಗಿದ್ದ ಮೇಸ್ತ್ರಿ ಸೂಜಿಯ ಕಣ್ಣ ಮುಂದೆ ಬಂದ. ಎತ್ತಿನಂಥ ಕತ್ತು. ಅಲಗು ಚಿಕ್ಕದಿದ್ದರಿಂದ ಗಾಯ ಆಳಕ್ಕಿಳಿದಿಲ್ಲ, ಕರುಳು ಉಳಿದಿದೆ, ಹೊಲಿಗೆ ಹಾಕಿದ್ದೇವೆ ಎಂದಿದ್ದರು ಡಾಕ್ಟರು. 'ನೋಡ್ಲಿಲ್ಲ ಮೇಡಮ್' ಎನ್ನುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಊಟಕ್ಕೆ ಕೂತವನ ನೆಮ್ಮದಿ ಇತ್ತು.

ಮೇಸ್ತ್ರಿಯ ಮನೆ ಟೈರ್ ರಿಪೇರಿ ಅಂಗಡಿಯ ಮಹಡಿಯ ಮೇಲೆ. ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ಕೆಳಗೆ ಒಂದು ಸ್ಕೂಟರ್, ಅದರ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್.

ಬಾಗಿಲು ತೆಗೆದವನು ಮೇಸ್ತ್ರಿಯ ಬಾಮೈದ. ಅದೇ ಗೋದಾಮಿನ ವ್ಯಾನ್ ಡ್ರೈವರ್. ಅಗಲ ಭುಜ, ನಿದ್ದೆಗೆಟ್ಟ ಕಣ್ಣು. ಬಲಗೈಗೆ ದಪ್ಪನೆಯ ಬ್ಯಾಂಡೇಜು.

ಒಳಗಿದ್ದುದು ಒಂದೇ ದೊಡ್ಡ ಕೋಣೆ. ಅದರ ಅರ್ಧವನ್ನು ಹೊಲಿಗೆ ಮೆಷಿನ್ನೂ ಅರ್ಧ ಹೊಲಿದ ಕ್ಯಾನ್ವಾಸ್ ಚೀಲಗಳ ರಾಶಿಯೂ ತಿಂದಿದ್ದವು. ಮೆಷಿನ್ನಿನ ಮುಂದೆ ಅವನ ಅಕ್ಕ ಕೂತಿದ್ದಳು. ಅವಳ ಎಡಗೈ ಕ್ಯಾನ್ವಾಸಿನ ಮಡಿಕೆಯ ಕೆಳಗಿತ್ತು. ಕತ್ತಿಗೆ ಸ್ಕಾರ್ಫ್.

"ಕೈಗೇನಾಯ್ತು?" ಸೂಜಿ ಡ್ರೈವರನನ್ನು ಕೇಳಿದಳು.

"ವ್ಯಾನಿನ ಬಾಗಿಲಿಗೆ ಸಿಕ್ತು."

"ಬಿಚ್ಚು."

ಅವನು ಹಲ್ಲು ಕಚ್ಚಿಕೊಂಡು ಬಿಚ್ಚಿದ. ಅಂಗೈಯ ನಟ್ಟನಡುವೆ ಗಾಯ. ಚೊಕ್ಕವಾದ, ಆಳವಾದ ಗಾಯ. ಇನ್ನೂ ಹಸಿಯಾಗಿತ್ತು.

"ವ್ಯಾನಿನ ಬಾಗಿಲು ಇಷ್ಟು ನೀಟಾಗಿ ಕೊಯ್ಯುತ್ತಾ?"

"ಇಲ್ಲ," ಎಂದ ಅವನು ಥಟ್ಟನೆ. ಇದೇ ಪ್ರಶ್ನೆಗೆ ಕಾದಿದ್ದವನಂತೆ. "ಬಾವನ್ನ ಚುಚ್ಚಿದ್ದು ನಾನೇ. ಚಾಕು ಕೈ ಕೊಡ್ತು. ಕರ್ಕೊಂಡು ಹೋಗಿ."

"ಏಯ್!" ಎಂದಳು ಅಕ್ಕ.

"ನೀನು ಸುಮ್ನಿರಕ್ಕ."

ಸೂಜಿ ದಫೇದಾರರ ಜೇಬಿನಿಂದ ಮೀಸೆ ಬಾಚುವ ಬಾಚಣಿಗೆಯನ್ನು ಎಳೆದು ಅವನ ಕೈಗಿಟ್ಟಳು. "ಇದೇ ಚಾಕು ಅಂತ ತಿಳ್ಕೋ. ಹೇಗೆ ಹಿಡಿದಿದ್ದೆ?"

ಅವನು ಗಾಯಗೊಂಡ ಕೈಯಲ್ಲೇ ಮುಷ್ಟಿ ಕಟ್ಟಿ ಹಿಡಿದ. ನೋವಿಗೆ ಹಣೆಯ ನರ ಉಬ್ಬಿತು.

"ಈಗ ಅದು ಮಡಚಿಕೊಂಡ್ರೆ ಎಲ್ಲಿ ಬೀಳುತ್ತೆ? ಬೆರಳಿನ ಮೇಲೆ. ಅಂಗೈ ಹಿಡಿಯ ಹಿಂದೆ ಅಡಗಿರುತ್ತೆ." ಅವಳು ಸೀಳಿದ ಗ್ಲೌಸನ್ನು ಅವನ ಮುಂದೆ ಹಿಡಿದಳು. "ನಿನ್ನ ಒಂದು ಬೆರಳಿಗೂ ಗಾಯ ಇಲ್ಲ. ಇದು ನೀನೇ ಕೊಯ್ಕೊಂಡಿದ್ದು. ಯಾರ ಗಾಯ ಮುಚ್ಚೋಕೆ?"

ಅವನ ಕಣ್ಣು ಅಕ್ಕನ ಕಡೆ ಹೋಯಿತು.

"ಅಮ್ಮಾ, ನಿಮ್ಮ ಎಡಗೈ ಸ್ವಲ್ಪ ಮೇಲೆ ತೆಗೀರಿ."

ಅಕ್ಕನ ಕೈ ಅಲುಗಿತು ಅಷ್ಟೆ. ಅಷ್ಟರಲ್ಲಿ ಡ್ರೈವರ್ ಗೋಡೆಯ ಪಕ್ಕದ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡಿದ್ದ.

ಮೊದಲ ಏಟು ದಫೇದಾರರಿಗೆ. ಅವರು ತಲೆ ತಪ್ಪಿಸಿದರು, ಹೆಗಲು ತಪ್ಪಿಸಲಾಗಲಿಲ್ಲ. ಒಣ ಸೌದೆ ಮುರಿದ ಸದ್ದು. ದಫೇದಾರರು ಚೀಲಗಳ ರಾಶಿಯ ಮೇಲೆ ಕುಸಿದರು.

ಎರಡನೆಯದು ಸೂಜಿಯ ಮುಖಕ್ಕೆ ಬಂತು. ಅವಳು ಬಗ್ಗಿದಳು. ಪೆಟ್ಟಿಗೆ ಗೋಡೆಗೆ ಬಡಿದು ಸಿಮೆಂಟು ಉದುರಿತು. ಅವಳು ಅವನ ಮೊಣಕಾಲಿಗೆ ಬೂಟಿನಿಂದ ಒದ್ದಳು. ಅವನು ಅರ್ಧ ಕುಸಿದು, ಬೀಳುತ್ತಲೇ ತಲೆಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಹಲ್ಲೊಂದು ಸಡಿಲಾಗಿ ನಾಲಿಗೆಗೆ ತಾಗಿತು. ರಕ್ತ ನುಂಗುವಷ್ಟರಲ್ಲಿ ಅವಳ ಬೆನ್ನು ಮೆಷಿನ್ನಿಗೆ ಬಡಿದಿತ್ತು. ಅವನ ಎರಡೂ ಕೈ ಅವಳ ಕತ್ತಿನ ಸುತ್ತ ಇದ್ದವು.

ಅವನ ಅಂಗೈಯ ರಕ್ತ ಬಿಸಿಯಾಗಿ ಅವಳ ಕಾಲರಿನೊಳಗೆ ಇಳಿಯಿತು. ಅವಳು ಅವನ ಗಾಯಕ್ಕೇ ಉಗುರು ಊರಿದಳು. ಅವನು ಚೀರಿದ, ಬಿಡಲಿಲ್ಲ. ಕೋಣೆ ಅಂಚಿನಿಂದ ಕಪ್ಪಾಗತೊಡಗಿತು.

"ಬಿಡೋ!" ಅಕ್ಕ ಹಿಂದಿನಿಂದ ಅವನ ಕೂದಲು ಹಿಡಿದು ಜಗ್ಗಿದಳು. "ಬಿಡೋ! ನೀನೂ ಅವನೇ ಆದ್ಯಲ್ಲೋ! ಕೈ ನೋಡ್ಕೊಳ್ಳೋ, ನಿನ್ನ ಕೈ ಎಲ್ಲಿದೆ ನೋಡ್ಕೋ!"

ಅವನು ನೋಡಿಕೊಂಡ.

ಹೆಂಗಸೊಬ್ಬಳ ಕತ್ತಿನ ಮೇಲಿದ್ದ ತನ್ನ ಎರಡು ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. ಬೆರಳುಗಳು ತಾವಾಗಿಯೇ ಸಡಿಲಾದವು. ಸೂಜಿ ಕೆಮ್ಮುತ್ತಲೇ ಅವನ ತೋಳು ತಿರುಚಿ, ನೆಲಕ್ಕೆ ಕೆಡವಿ, ಬೆನ್ನಿಗೆ ಮೊಣಕಾಲು ಊರಿ ಕೋಳ ಹಾಕಿದಳು. ಅವನು ಎದುರಾಡಲಿಲ್ಲ. ಕೆನ್ನೆಯನ್ನು ನೆಲಕ್ಕೊತ್ತಿ ಮಗುವಿನಂತೆ ಬಿಕ್ಕುತ್ತಿದ್ದ.

ಅಕ್ಕನ ಸ್ಕಾರ್ಫ್ ಎಳೆದಾಟದಲ್ಲಿ ಬಿಚ್ಚಿ ಬಿದ್ದಿತ್ತು. ಕತ್ತಿನ ಎರಡೂ ಕಡೆ ಹೆಬ್ಬೆರಳಿನ ಗುರುತು. ಒಂದು ಕಡೆ ಹೊಸದು, ನೀಲಿ. ಇನ್ನೊಂದು ಕಡೆ ಹಳೆಯದು, ಹಳದಿಗೆ ತಿರುಗಿದ್ದು. ಎಡಗೈಯ ಟವೆಲ್ಲೂ ಕಳಚಿತ್ತು. ನಾಲ್ಕು ಬೆರಳು. ಒಂದೇ ಗೆರೆ.

ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಊಟದ ಡಬ್ಬಿ ತಗೊಂಡು ಹೋಗಿದ್ದೆ," ಎಂದಳು ಅಕ್ಕ. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ತಡ ಆಯ್ತು ಅಂತ ಪೆಟ್ಟಿಗೆ ಸಾಲಿನ ಹಿಂದೆ ಎಳ್ಕೊಂಡು ಹೋಗಿ ಕತ್ತು ಹಿಡಿದ. ಮನೆಯಲ್ಲಾದ್ರೆ ಒಂದು ಹಂತಕ್ಕೆ ಬಿಡ್ತಾನೆ. ನಿನ್ನೆ ಬಿಡ್ಲಿಲ್ಲ. ಒಂದೇ ಸಲ ಚುಚ್ಚಿದೆ ಮೇಡಮ್. ಎರಡನೇ ಸಲಕ್ಕೆ ಅದು ನನ್ನನ್ನೇ ಕಚ್ಚಿತು."

"ಅಂಗಡಿಯವಳು ಬೇರೆ ಚಾಕು ತಗೋ ಅಂದಿದ್ಲಂತಲ್ಲ?"

"ಅಂದಿದ್ಲು." ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. "ಒಳ್ಳೇದು ತಗೊಂಡ್ರೆ ನಿಜವಾಗ್ಲೂ ಚುಚ್ಚಿಬಿಡ್ತೀನೇನೋ ಅಂತ ಹೆದರಿಕೆ ಆಯ್ತು. ಜೊತೆಗೊಂದು ಇದ್ರೆ ಧೈರ್ಯ ಇರುತ್ತೆ, ಅಷ್ಟೇ ಸಾಕು ಅಂದ್ಕೊಂಡೆ."

ಸೂಜಿ ಬಾಯಿಯ ರಕ್ತವನ್ನು ತೋಳಿಗೆ ಒರೆಸಿಕೊಂಡಳು. ಚೀಲಗಳ ಮೇಲೆ ದಫೇದಾರರ ಮುಖ ಬೂದಿಯಂತಾಗಿತ್ತು. ಹೆಗಲ ಮೂಳೆ ಅಂಗಿಯ ಒಳಗಿಂದ ಗೂಟದಂತೆ ಎದ್ದಿತ್ತು. ಇರುವುದು ಒಂದು ಜೀಪು. ಅದರಲ್ಲಿ ಒಬ್ಬ ಗಾಯಾಳು, ಒಬ್ಬ ಕೈದಿ. ಅಕ್ಕನನ್ನೂ ಹತ್ತಿಸಿಕೊಳ್ಳಬೇಕಾಗಿತ್ತು. ಕಾನೂನು ಹಾಗೇ ಹೇಳುತ್ತದೆ.

ಅವಳು ನೆಲದ ಮೇಲಿದ್ದ ಸ್ಕಾರ್ಫ್ ಎತ್ತಿ ಅಕ್ಕನ ಕೈಗೆ ಕೊಟ್ಟಳು.

"ನಿಮ್ಮ ಫೋನ್ ನಂಬರ್ ಕೊಡಿ. ಎಲ್ಲೂ ಹೋಗ್ಬೇಡಿ. ಇವರನ್ನ ಆಸ್ಪತ್ರೆಗೆ ಸೇರಿಸಿ ಬರ್ತೀನಿ. ಅಲ್ಲೀ ತನಕ ನಾನು ನಿಮ್ಮ ಕೈ ನೋಡಿಲ್ಲ."

ಅಕ್ಕ ನಂಬರ್ ಹೇಳಿದಳು. ನೆಲದ ಮೇಲೆ ಬಿದ್ದಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟಳು.

*

ಜೀಪಿನ ಹಿಂದಿನಿಂದ ಡ್ರೈವರ್ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ.

"ಅಕ್ಕನ್ನ ಒಬ್ಬಳೇ ಬಿಡ್ಬಾರ್ದಿತ್ತು ಮೇಡಮ್."

"ನಿಮ್ಮ ಬಾವ ಹೊಟ್ಟೆಗೆ ಹೊಲಿಗೆ ಹಾಕಿಸ್ಕೊಂಡು ಮಲಗಿದ್ದಾನೆ. ಬಾಗಿಲಲ್ಲಿ ನಮ್ಮ ಕಾನ್‌ಸ್ಟೇಬಲ್ ಇದ್ದಾನೆ."

"ನಿಮಗೆ ಬಾವನ ವಿಷಯ ಗೊತ್ತಿಲ್ಲ. ಒಂದ್ಸಲ ಗೋದಾಮಿನಲ್ಲಿ ಕಬ್ಬಿಣದ ಪೆಟ್ಟಿಗೆ ಪಾದದ ಮೇಲೆ ಬಿತ್ತು. ಬೆರಳು ಜಜ್ಜಿಹೋಯ್ತು. ಅವತ್ತೇ ನಡ್ಕೊಂಡು ಮನೆಗೆ ಬಂದು, ನಗ್ತಾ ಇದ್ದೆ ಅಂತ ಅಕ್ಕನ ಹಲ್ಲು ಉದುರಿಸಿದ. ಅಕ್ಕ ನಗ್ತಾನೇ ಇರ್ಲಿಲ್ಲ. ನಾನು ನಿನ್ನೆಯಿಂದ ಆ ಬಾಗಿಲು ಕಾಯ್ತಿದ್ದೆ ಮೇಡಮ್. ಅದಕ್ಕೇ ನಿದ್ದೆ ಮಾಡಿಲ್ಲ."

ದಫೇದಾರರು ಕಣ್ಣುಮುಚ್ಚಿಕೊಂಡೇ, "ಜೋರಾಗಿ ಓಡಿಸಿ ಮೇಡಮ್," ಎಂದರು. ಅದು ಹೆಗಲ ನೋವಿಗೆ ಹೇಳಿದ್ದೋ ಬೇರೆಯದಕ್ಕೋ ತಿಳಿಯಲಿಲ್ಲ.

ರಸ್ತೆಯಲ್ಲಿ ಸಂಜೆಯ ವಾಹನಗಳು ಆಗಲೇ ಒತ್ತಿಕೊಂಡಿದ್ದವು. ಆಸ್ಪತ್ರೆ ಸೇರಿ, ದಫೇದಾರರನ್ನು ಗಾಲಿಮಂಚಕ್ಕೆ ಹತ್ತಿಸಿ, ಡ್ರೈವರನನ್ನು ಅಲ್ಲಿನ ಪೊಲೀಸ್ ಚೌಕಿಯವರಿಗೆ ಒಪ್ಪಿಸಿ, ಸೂಜಿ ಮಹಡಿ ಹತ್ತಿದಳು. ನಡೆಯುತ್ತ ಹೊರಟವಳು ಯಾಕೋ ಕೊನೆಯ ಮೆಟ್ಟಿಲುಗಳನ್ನು ಓಡಿಯೇ ಹತ್ತಿದಳು.

ಮೇಸ್ತ್ರಿಯ ಕೋಣೆಯ ಮುಂದೆ ಖಾಲಿ ಕುರ್ಚಿ ಇತ್ತು. ಬಾಗಿಲು ಮುಚ್ಚಿತ್ತು.

ತಳ್ಳಿದಳು. ಏನೋ ಅಡ್ಡ ಬಂತು. ಭುಜ ಕೊಟ್ಟು ತಳ್ಳಿದಳು.

ಅಡ್ಡ ಬಂದದ್ದು ಕಾನ್‌ಸ್ಟೇಬಲನ ಕಾಲು. ಅವನು ಮಂಚಕ್ಕೂ ಬಾಗಿಲಿಗೂ ನಡುವೆ ಮಗ್ಗುಲಾಗಿ ಬಿದ್ದಿದ್ದ. ಗ್ಲೂಕೋಸ್ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು ಬಾಗಿಹೋಗಿ ಪಕ್ಕದಲ್ಲಿತ್ತು. ಅವನ ಮೂಗು ಇದ್ದ ಜಾಗದಲ್ಲಿ ರಕ್ತದ ಗುಳ್ಳೆಯೊಂದು ಉಬ್ಬುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಉಸಿರಿತ್ತು. ಸೊಂಟದ ಲಾಠಿ ಇರಲಿಲ್ಲ. ಕಾಲಿನ ಬೂಟುಗಳೂ ಇರಲಿಲ್ಲ.

ಮಂಚ ಖಾಲಿ. ಕಿತ್ತೆಸೆದ ನಳಿಕೆಯಿಂದ ಔಷಧಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಡಾಕ್ಟರ್!" ಎಂದು ಕಿರುಚಿದ ತನ್ನ ದನಿಯೇ ಅವಳಿಗೆ ಅಪರಿಚಿತವಾಗಿತ್ತು. ಓಡಿಬಂದ ನರ್ಸ್ ಬಾಯಿ ಮುಚ್ಚಿಕೊಂಡು ನಿಂತಳು.

"ಯಾವಾಗ ನೋಡಿದ್ದು ಮೇಸ್ತ್ರಿಯನ್ನ ಕೊನೇಗೆ?"

"ಊಟ ಆದ್ಮೇಲೆ ಮಾತ್ರೆ ಕೊಡೋಕೆ ಬಂದಿದ್ದೆ ಮೇಡಮ್. ಮಲಗಿದ್ರು. ಹೆಂಡತಿ ಮನೇಲಿ ಒಬ್ಬಳೇ ಇದ್ದಾಳಾ ಅಂತ ಫೋನ್ ಮಾಡಿ ಕೇಳ್ಬೇಕು ಅಂದ್ರು, ಪಾಪ ಎಷ್ಟು ಕಾಳಜಿ ಅಂದ್ಕೊಂಡೆ..."

ಸೂಜಿ ಆಗಲೇ ಅಕ್ಕನ ನಂಬರ್ ಒತ್ತಿದ್ದಳು. ಒಂದು ಕೈಯಲ್ಲಿ ಕಾನ್‌ಸ್ಟೇಬಲನ ತಲೆಯನ್ನು ಎತ್ತಿ ಹಿಡಿದಿದ್ದಳು. ಫೋನು ರಿಂಗಾಯಿತು. ಆಗುತ್ತಲೇ ಇತ್ತು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಆ ಕಡೆ ಯಾರೋ ಎತ್ತಿಕೊಂಡರು.

ಉಸಿರಿನ ಸದ್ದು. ಭಾರವಾದ, ಮೆಟ್ಟಿಲು ಹತ್ತಿ ಬಂದ ಗಂಡಸಿನ ಉಸಿರು.

"ಮೇಡಮ್ಮಾ?" ಎಂದ ಮೇಸ್ತ್ರಿ. ದನಿ ತಣ್ಣಗಿತ್ತು. "ನಮ್ಮ ಬಾಮೈದನ್ನ ಕರ್ಕೊಂಡು ಹೋದ್ರಂತೆ, ಕೆಳಗಿನ ಟೈರ್ ಅಂಗಡಿಯವನು ಹೇಳ್ದ. ದೊಡ್ಡ ಉಪಕಾರ ಆಯ್ತು. ಅವನೊಬ್ಬ ಅಡ್ಡ ಇದ್ದ."

"ಮೇಸ್ತ್ರಿ, ಕೇಳು. ಅವಳ ಮೈ ಮುಟ್ಟಿದ್ರೆ..."

ಅವನು ನಕ್ಕ. ನಗು ನಡುವೆಯೇ ತುಂಡಾಯಿತು. ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು. ಕುರ್ಚಿ ಉರುಳಿತು. ಒಂದು ಏದುಸಿರು, ಅದರ ಹಿಂದೆಯೇ ಕಾಲಿನಿಂದ ನೆಲ ಕೆರೆಯುವ ಸದ್ದು. ಅದು ಸ್ವಲ್ಪ ಹೊತ್ತು ನಡೆದು ನಿಧಾನವಾಯಿತು.

"ಹಲೋ! ಹಲೋ, ಅಮ್ಮಾ!"

ಫೋನನ್ನು ಯಾರೋ ನೆಲದಿಂದ ಎತ್ತಿಕೊಂಡರು.

"ಮೇಡಮ್," ಎಂದಳು ಅಕ್ಕ. ಉಸಿರೂ ಏರಿರಲಿಲ್ಲ. "ಇಸ್ತ್ರಿಪೆಟ್ಟಿಗೆ ಮಡಚ್ಕೊಳ್ಳಲ್ಲ. ಇವರಿಗಿನ್ನೂ ಜೀವ ಇದೆ. ಬಾಗಿಲು ಒಳಗಿಂದ ಹಾಕಿದ್ದೀನಿ. ನೀವು ಅವಸರ ಮಾಡ್ಬೇಡಿ, ನಿಧಾನಕ್ಕೇ ಬನ್ನಿ."

ಲೈನ್ ಕಟ್ಟಾಯಿತು.